ರೋಣದ ಕಡೆ ರಾತ್ರಿ ಧಡ್ ಅಂದಿದ್ದು ಭೂಕಂಪವಾ, ಕ್ವಾರಿಯಾ? ಗೋಡೆ ಬೇರೆ ಬಿರುಕು ಬಿಟ್ಟಿದೆ

ಎರೆಹೊಲ
ನಮ್ಮೂರು ರೋಣ ತಾಲ್ಲೂಕು. ಕಳೆದ ವಾರ ರಾತ್ರಿ ಊಟ ಮಾಡಿ ಕೈ ತೊಳೆಯುತ್ತಿದ್ದೆ, ಧಡ್ ಅಂತ ಸದ್ದಾಯಿತು. ಕಿಟಕಿ ಗಡಗಡ ಅಂದಿತು, ಮಾಡದಲ್ಲಿದ್ದ ತಂಬಿಗೆ ಉರುಳಿ ಬಿತ್ತು, ನಾಯಿಗಳು ಒಂದೇ ಸಮ ಬೊಗಳಿದವು. ಅಷ್ಟೇ. ಓಣಿಯವರೆಲ್ಲ ಹೊರಗೆ ಬಂದು ನಿಂತರು. ಸ್ವಲ್ಪ ಹೊತ್ತಿಗೇ ವಾಟ್ಸಾಪ್‌ನಲ್ಲಿ "ಗದಗದಲ್ಲಿ 5.2 ಭೂಕಂಪ, ಇನ್ನೆರಡು ತಾಸಿಗೆ ದೊಡ್ಡದು ಬರುತ್ತೆ, ಯಾರೂ ಒಳಗೆ ಮಲಗಬೇಡಿ" ಅಂತ ಬಂತು. ದೊಡ್ಡದೇನೂ ಬರಲಿಲ್ಲ. ಆದರೆ ಅವ್ವ ಆವತ್ತಿನಿಂದ ಅಂಗಳದಲ್ಲೇ ಹಾಸಿಗೆ ಹಾಸುತ್ತಾಳೆ.

ನಮ್ಮದು ಅಜ್ಜನ ಕಾಲದ ಮೇಲ್ಮುದ್ದೆ ಮನೆ, ಅಂದರೆ ಮಾಳಿಗೆ ಮೇಲೆ ಮಣ್ಣು ಹಾಕಿದ್ದು, ಕಲ್ಲು ಮಣ್ಣಿನ ಗೋಡೆ. ಪಡಸಾಲೆ ಬಾಗಿಲ ಚೌಕಟ್ಟಿನ ಮೇಲಿಂದ ಮೂಲೆಯವರೆಗೆ ಓರೆಯಾಗಿ ಒಂದು ಬಿರುಕಿದೆ. ಅದು ಮೊದಲೇ ಇತ್ತಾ, ಈಗ ಬಂತಾ ಅಂತ ಮನೆಯಲ್ಲೇ ಜಗಳ. ಊರಿಂದ ಸ್ವಲ್ಪ ದೂರದಲ್ಲಿ ಕಲ್ಲಿನ ಕ್ವಾರಿಯೂ ಇದೆ. ಅದು ಭೂಕಂಪ ಹೌದೋ ಅಲ್ಲವೋ ಅಂತ ನಮ್ಮಂಥವರು ತಿಳಿಯುವುದು ಹೇಗೆ? ನಮ್ಮ ಕಡೆ ನಿಜವಾಗಿಯೂ ಭೂಕಂಪದ ಭಯ ಇದೆಯಾ? ತಮ್ಮ ಈ ಮನೆ ಕೆಡವಿ ಆರ್‌ಸಿಸಿ ಕಟ್ಟೋಣ ಅಂತ ಹಟ ಹಿಡಿದಿದ್ದಾನೆ. ಅದಾದರೂ ಗ್ಯಾರಂಟಿನಾ?

ಬ್ಯಾಡಗಿ_ಖಾರ
ಕ್ವಾರಿ. ನೂರಕ್ಕೆ ನೂರು ಕ್ವಾರಿ.

ಉಣಕಲ್_ದಂಡೆ
ಕತ್ತಲಾದ ಮೇಲೆ ಬ್ಲಾಸ್ಟಿಂಗ್ ಮಾಡುವ ಹಾಗಿಲ್ಲ ರೀ.

ಬ್ಯಾಡಗಿ_ಖಾರ
ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವ ಹಾಗೂ ಇಲ್ಲ.

ನವಲೂರ_ಪೇರಲ
ಊಹೆ ಯಾಕೆ? ನ್ಯಾಷನಲ್ ಸೆಂಟರ್ ಫಾರ್ ಸಿಸ್ಮಾಲಜಿ ಅಂತ ಕೇಂದ್ರದ್ದೊಂದು ಸಂಸ್ಥೆ ಇದೆ. ಅವರ ವೆಬ್‌ಸೈಟ್‌ನಲ್ಲಿ ದೇಶದಲ್ಲಿ ದಾಖಲಾದ ಭೂಕಂಪಗಳ ಪಟ್ಟಿ ಹಾಕುತ್ತಾರೆ, ಭೂಕಂಪ್ ಅಂತ ಆ್ಯಪ್ ಕೂಡ ಇದೆ. ದಿನ, ಸಮಯ, ಅಕ್ಷಾಂಶ, ರೇಖಾಂಶ, ಆಳ ಎಲ್ಲ ಸಿಗುತ್ತೆ. ನಮ್ಮ ರಾಜ್ಯಕ್ಕಾದರೆ ಬೆಂಗಳೂರಿನ ಕೆಎಸ್‌ಎನ್‌ಡಿಎಂಸಿ ಇದೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಮಳೆ ಲೆಕ್ಕ ಕೊಡುತ್ತಾರಲ್ಲ, ಅವರೇ. ನಿಮ್ಮ ರಾತ್ರಿಯ ಸಮಯಕ್ಕೆ ಎರಡು ಕಡೆಯೂ ಏನೂ ಇಲ್ಲದಿದ್ದರೆ 5.2 ಅಂತೂ ಆಗಿಲ್ಲ ಅಂತ ಕಣ್ಣು ಮುಚ್ಚಿ ಹೇಳಬಹುದು. 5 ದಾಟಿದರೆ ಅದು ದೇಶವಿದೇಶದ ಯಂತ್ರಗಳಲ್ಲೆಲ್ಲ ಬೀಳುತ್ತೆ, ಮುಚ್ಚಿಡಲು ಆಗಲ್ಲ. ವಾಟ್ಸಾಪ್ ಮೆಸೇಜ್ ಬರೆದವನಿಗೆ "ಇನ್ನೆರಡು ತಾಸು" ಎಲ್ಲಿಂದ ಗೊತ್ತಾಯಿತೋ!

ಎರೆಹೊಲ
ನೋಡಿದೆ ಅಕ್ಕಾರೆ. ಆ ಹೊತ್ತಿಗೆ ನಮ್ಮ ಜಿಲ್ಲೆಯದು ಯಾವುದೂ ಇಲ್ಲ. ಆದರೆ ತೀರಾ ಸಣ್ಣದಾಗಿದ್ದರೆ ಪಟ್ಟಿಗೆ ಬರದೇ ಇರಬಹುದಲ್ವಾ?

ಶಿಲೆ_ಮಾಸ್ತರ
ಬರದೇ ಇರಬಹುದು. ಯಂತ್ರದ ಕೇಂದ್ರ ದೂರ ಇದ್ದರೆ 2, 2.5ರ ಕಂಪನ ತಪ್ಪಿಹೋಗುತ್ತೆ. ಹಾಗಾಗಿ ನೀವು ಅನುಭವಿಸಿದ್ದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಸ್ಫೋಟದಲ್ಲಿ ಎರಡು ದಾರಿಯಿಂದ ಸುದ್ದಿ ಬರುತ್ತೆ, ನೆಲದಿಂದ ಮತ್ತು ಗಾಳಿಯಿಂದ. ನೆಲದೊಳಗಿನ ಅಲೆ ಸೆಕೆಂಡಿಗೆ ಕಿಲೋಮೀಟರ್‌ಗಟ್ಟಲೆ ಓಡುತ್ತೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ಕ್ವಾರಿ 2 ಕಿಲೋಮೀಟರ್ ದೂರ ಇದ್ದರೆ ಮೊದಲು ನೆಲ ಮಿಡುಕುತ್ತೆ, ಆಮೇಲೆ ಐದಾರು ಸೆಕೆಂಡ್ ಬಿಟ್ಟು ಧಡ್ ಅನ್ನುತ್ತೆ, ಕಿಟಕಿ ಎರಡನೇ ಸಲ ಅಲ್ಲಾಡುತ್ತೆ. ಭೂಕಂಪದಲ್ಲಿ ಹಾಗಲ್ಲ. ಸದ್ದು ಬಂದರೂ ಅದು ಕಾಲ ಕೆಳಗಿಂದ, ನಡುಕದ ಜೊತೆಗೇ ಅಥವಾ ಒಂದು ಕ್ಷಣ ಮುಂಚೆ ಬರುತ್ತೆ, ಗುಡುಗಿದಂತೆ ಇರುತ್ತೆ. ಇನ್ನೊಂದು, ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರಿದರೆ ಕಿಟಕಿ ಬಾಗಿಲು ಬಡಿಯುತ್ತವೆ, ನೆಲ ಮಾತ್ರ ತಣ್ಣಗಿರುತ್ತೆ.

ನಿಮಗೆ ಮೊದಲು ಏನಾಯಿತು, ತಂಬಿಗೆ ಬಿದ್ದಿದ್ದಾ, ಸದ್ದು ಕೇಳಿದ್ದಾ?

ಎರೆಹೊಲ
ಸರಿಯಾಗಿ ನೆನಪಿಲ್ಲ ಸರ್. ಸದ್ದಿಗೇ ಬಿತ್ತು ಅನ್ನಿಸುತ್ತೆ. ಅವ್ವನನ್ನು ಕೇಳಿದರೆ "ನೆಲಾನs ಸರದಂಗಾತು" ಅಂತಾಳೆ.

ರಾತ್ರಿಪಾಳಿ
ವಿಮಾನದ್ದು ಬೆಂಗಳೂರಿನಲ್ಲಿ ನಾನೇ ಕೇಳಿದ್ದೇನೆ. 2020ರ ಮೇ 20, ಲಾಕ್‌ಡೌನ್ ಟೈಮು. ಇಡೀ ವೈಟ್‌ಫೀಲ್ಡ್ ಬಾಲ್ಕನಿಗೆ ಬಂದಿತ್ತು. ಭೂಕಂಪ ಅಂತ ಎಲ್ಲರೂ ಟ್ವೀಟು ಮಾಡಿದ್ದೇ ಮಾಡಿದ್ದು. ಕಡೆಗೆ ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟ ಅಂತ ಹೇಳಿದರು.

ಏಲಕ್ಕಿ_ಹಾರ
ಶಿವಮೊಗ್ಗದ ಹುಣಸೋಡು ಮರೆತಿರಾ? 2021ರ ಜನವರಿ 21, ರಾತ್ರಿ ಹತ್ತೂವರೆ ಒಳಗೆ. ಕ್ವಾರಿಗೆ ತಂದಿದ್ದ ಸ್ಫೋಟಕದ ಲಾರಿ ಸಿಡಿದಿದ್ದು. ದಾವಣಗೆರೆ, ಚಿಕ್ಕಮಗಳೂರು ಕಡೆಯವರೂ ಭೂಕಂಪ ಅಂತ ಹೊರಗೆ ಓಡಿದ್ದರು. ರಾಣೆಬೆನ್ನೂರಿನ ನಮ್ಮ ಚಿಕ್ಕಮ್ಮ ಫೋನ್ ಮಾಡಿ "ನಿಮ್ಮಲ್ಲೂ ಆಯಿತಾ" ಅಂತ ಕೇಳಿದ್ದು ನೆನಪಿದೆ. ಪಾಪ, ಅಲ್ಲಿ ಕೂಲಿಯವರು ಸತ್ತರು.

ಬ್ಯಾಡಗಿ_ಖಾರ
ಅದನ್ನೇ ಮೊದಲಿಂದ ಹೇಳುತ್ತಿದ್ದೇನೆ. ಕ್ವಾರಿ.

ಗಾಳಿಕಂಬ
ಎಲ್ಲರೂ ಕ್ವಾರಿ ಕ್ವಾರಿ ಅನ್ನುತ್ತೀರಿ. ಬೋರ್‌ವೆಲ್ ಬಗ್ಗೆ ಯಾರೂ ಮಾತಾಡಲ್ಲ. ನಮ್ಮ ಊರ ಹೊಲಕ್ಕೆ ಹೋಗಿ ನೋಡಿ, ಸಾವಿರ ಅಡಿ ಕೊರೆದಿದ್ದಾರೆ. ಭೂಮಿ ಜರಡಿ ಆಗಿದೆ. ನೀರು ಹೀರಿ ಹೀರಿ ಒಳಗೆ ಟೊಳ್ಳಾಗಿ ಕುಸಿಯುತ್ತಿದೆ.

ಶಿಲೆ_ಮಾಸ್ತರ
ಸಾವಿರ ಅಡಿ ಅಂದರೆ 300 ಮೀಟರ್. ಮಹಾರಾಷ್ಟ್ರದ ಕಿಲ್ಲಾರಿಯ 1993ರ ಭೂಕಂಪ "ಮೇಲುಮೇಲಿನದು" ಅನ್ನಿಸಿಕೊಂಡಿತ್ತು, ಅದರ ಮೂಲವೇ ಸುಮಾರು 10 ಕಿಲೋಮೀಟರ್ ಒಳಗೆ ಅಂತ ಲೆಕ್ಕ. ನಿಮ್ಮ ಬೋರ್ ಅದಕ್ಕೆ ಚರ್ಮದ ಮೇಲೆ ಉಗುರು ಗೀರಿದ ಹಾಗೆ. ಟೊಳ್ಳಾಗಿ ಕುಸಿಯುವುದಕ್ಕೆ ಅಲ್ಲಿ ಗುಹೆಯೂ ಇಲ್ಲ, ನಮ್ಮದು ಗಟ್ಟಿ ಕಲ್ಲು, ನೀರು ಬಿರುಕುಗಳಲ್ಲಿ ಮಾತ್ರ ಇರುತ್ತೆ.

ಆದರೆ ನೀರಿಗೂ ಭೂಕಂಪಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳಲ್ಲ. ಒಳಗೆ ಹಳೇ ಬಿರುಕುಗಳು ಇರುತ್ತವೆ, ಎರಡೂ ಕಡೆಯ ಬಂಡೆ ಒಂದಕ್ಕೊಂದು ಒತ್ತಿಕೊಂಡು ಕಚ್ಚಿ ನಿಂತಿರುತ್ತೆ. ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಾ ಹಿಮಾಲಯಕ್ಕೆ ಒತ್ತುತ್ತಿದೆ, ಆ ಒತ್ತಡ ಇಲ್ಲಿಯವರೆಗೂ ಇದೆ. ನೀರು ಆ ಬಿರುಕಿಗೆ ಒತ್ತಡದಿಂದ ಇಳಿದರೆ ಕಚ್ಚಿದ್ದು ಸಡಿಲಾಗುತ್ತೆ, ಜಾರುತ್ತೆ. ಅಮೆರಿಕದ ಒಕ್ಲಹೋಮಾದಲ್ಲಿ ಎಣ್ಣೆ ಬಾವಿಗಳ ಕೊಳಕು ನೀರನ್ನು ಪಂಪ್ ಮಾಡಿ ಆಳಕ್ಕೆ ತುಂಬಿ ತುಂಬಿ 2016ರಲ್ಲಿ 5.8ರ ಭೂಕಂಪ ಆಯಿತು. ನಾವು ಬೋರ್‌ನಲ್ಲಿ ಮಾಡುವುದು ತದ್ವಿರುದ್ಧ, ತುಂಬುವುದಲ್ಲ, ತೆಗೆಯುವುದು.

ಗಾಳಿಕಂಬ
ಹಾಗಾದರೆ ಡ್ಯಾಮ್? ನವಿಲುತೀರ್ಥ ತುಂಬಿದರೆ?

ಉಣಕಲ್_ದಂಡೆ
ಮಹಾರಾಷ್ಟ್ರದ ಕೊಯ್ನಾ ಡ್ಯಾಮಿನಿಂದಲೇ ಭೂಕಂಪ ಆಗಿದ್ದು ಅಂತ ನಮ್ಮ ತಂದೆ ಹೇಳುತ್ತಿದ್ದರು. 1967ರಲ್ಲಿ ಅವರು ಧಾರವಾಡದಲ್ಲಿ ಓದುತ್ತಿದ್ದರು. ನಸುಕಿನಲ್ಲಿ ಹಾಸ್ಟೆಲ್ ಹುಡುಗರೆಲ್ಲ ಚಾದರ ಹೊದ್ದುಕೊಂಡು ಮೈದಾನದಲ್ಲಿ ನಿಂತಿದ್ದರಂತೆ. ಡಿಸೆಂಬರ್ ಚಳಿ ಬೇರೆ.

ಶಿಲೆ_ಮಾಸ್ತರ
ನಿಮ್ಮ ತಂದೆ ಹೇಳಿದ್ದು ಸರಿ. 1967ರ ಡಿಸೆಂಬರ್ 11, ಬೆಳಗಿನ ಜಾವ ನಾಲ್ಕೂ ಇಪ್ಪತ್ತರ ಸುಮಾರು. ತೀವ್ರತೆ 6.3, ಸತ್ತವರು ಸುಮಾರು 180 ಜನ. ಜಲಾಶಯದಿಂದ ಕೆರಳಿದ ಭೂಕಂಪ ಅಂದರೆ ಜಗತ್ತಿನ ಎಲ್ಲ ಕಡೆಯೂ ಮೊದಲು ಕೊಯ್ನಾ ಹೆಸರು ಬರುತ್ತೆ. ಆ ಅಣೆಕಟ್ಟೆ 103 ಮೀಟರ್ ಎತ್ತರ. ನೀರು ತುಂಬತೊಡಗಿದ ಮೇಲೆ ಶುರುವಾದ ಕಂಪನಗಳು ಇವತ್ತಿಗೂ ನಿಂತಿಲ್ಲ, ಮಳೆಗಾಲ ಮುಗಿದ ಮೇಲೆ ಜಾಸ್ತಿ ಆಗುತ್ತವೆ. ಅದಕ್ಕೇ ಕರಾಡದಲ್ಲಿ ಸರ್ಕಾರ ಒಂದು ಪ್ರಯೋಗಾಲಯ ಮಾಡಿ ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಕೊರೆದು ಅಧ್ಯಯನ ಮಾಡುತ್ತಿದೆ. ಆದರೆ ಡ್ಯಾಮ್ ಬಂದೂಕು ಅಲ್ಲ, ಅದರ ಕುದುರೆ (ಟ್ರಿಗರ್) ಮಾತ್ರ. ಗುಂಡು ಮೊದಲೇ ತುಂಬಿರಬೇಕು. ಎಲ್ಲ ಡ್ಯಾಮಿನ ಕೆಳಗೂ ಅಂಥ ಬಿರುಕು ಇರಲ್ಲ. ನವಿಲುತೀರ್ಥ ತುಂಬಿ ಎಷ್ಟೋ ಮಳೆಗಾಲ ಆಗಿವೆ, ಕೊಯ್ನಾದಂಥ ಕಥೆ ಅಲ್ಲಿ ಆಗಿಲ್ಲ.

ರಾತ್ರಿಪಾಳಿ
ಸರ್ ಒಂದು ಡೌಟು. ಮೊಬೈಲ್‌ಗೆ ಭೂಕಂಪದ ಎಚ್ಚರಿಕೆ ಬರುತ್ತೆ ಅಂತಾರಲ್ಲ, ಮುಂಚೆಯೇ ಗೊತ್ತಾಗಲ್ಲ ಅಂದಮೇಲೆ ಅದು ಹೇಗೆ?

ಶಿಲೆ_ಮಾಸ್ತರ
ಅದು ಭವಿಷ್ಯ ಅಲ್ಲ ತಮ್ಮಾ, ಆಗಿಹೋಗಿದ್ದನ್ನೇ ಅಲೆಗಿಂತ ಬೇಗ ಮುಟ್ಟಿಸುವುದು. ಕೊಯ್ನಾವನ್ನೇ ತಗೋ. ಧಾರವಾಡದಿಂದ ನೇರ ಗೆರೆ ಎಳೆದರೆ 250 ಕಿಲೋಮೀಟರ್ ಆಸುಪಾಸು. ಮೊದಲ ಅಲೆ, ಪಿ ಅಂತೀವಿ, ಸೆಕೆಂಡಿಗೆ 6 ಕಿಲೋಮೀಟರ್ ಓಡಿದರೆ 40 ಸೆಕೆಂಡ್ ದಾಟಿ ಇಲ್ಲಿಗೆ ಬರುತ್ತೆ. ಅದು ಒತ್ತುವ, ತಳ್ಳುವ ಅಲೆ, ಬಹಳ ಜನಕ್ಕೆ ಗೊತ್ತೇ ಆಗಲ್ಲ. ಗೋಡೆಯನ್ನು ಅಡ್ಡಡ್ಡ ಅಲ್ಲಾಡಿಸುವ ಎಸ್ ಅಲೆ ಸೆಕೆಂಡಿಗೆ ಮೂರೂವರೆ ಕಿಲೋಮೀಟರ್, ಅದು ಬರುವ ಹೊತ್ತಿಗೆ 70 ಸೆಕೆಂಡ್ ಆಗಿರುತ್ತೆ. ನಡುವೆ ಅರ್ಧ ನಿಮಿಷ. ಕೊಯ್ನಾ ಹತ್ತಿರದ ಫೋನುಗಳು ನಡುಗಿದ ಸುದ್ದಿ ರೇಡಿಯೋ ಅಲೆಯಲ್ಲಿ ನಿನಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತೆ. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ 2023ರಲ್ಲಿ ಭಾರತಕ್ಕೂ ಇದನ್ನು ಬಿಟ್ಟಿತು. ಮೂಲದ ಪಕ್ಕದಲ್ಲೇ ಇರುವವರಿಗೆ ಮಾತ್ರ ಇದರಿಂದ ಪ್ರಯೋಜನ ಇಲ್ಲ, ಎಚ್ಚರಿಕೆಗೆ ಮುಂಚೆ ಅಲೆಯೇ ಬಂದಿರುತ್ತೆ.

ಪಿ ಮತ್ತು ಎಸ್ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಸುಮಾರಾಗಿ ದೂರ ಸಿಗುತ್ತೆ. ಮೂರು ಕೇಂದ್ರಗಳಿಂದ ಹೀಗೆ ಮೂರು ವೃತ್ತ ಎಳೆದರೆ ಅವು ಸೇರುವ ಜಾಗವೇ ಕೇಂದ್ರಬಿಂದು. ಮೊದಲು ನಾವು ಕಂಪಾಸ್ ಹಿಡಿದೇ ಮಕ್ಕಳಿಗೆ ಮಾಡಿಸುತ್ತಿದ್ದೆವು. ನಮ್ಮ ಗೌರಿಬಿದನೂರಿನಲ್ಲಿ 1965ರಿಂದ ಇಂಥ ಯಂತ್ರಗಳ ಸಾಲೇ ಇದೆ, ಬೇರೆ ದೇಶದವರು ನೆಲದೊಳಗೆ ಅಣುಬಾಂಬ್ ಸಿಡಿಸಿದರೂ ಹಿಡಿಯುವುದಕ್ಕೆ.

ಬ್ಯಾಡಗಿ_ಖಾರ
ಗೌರಿಬಿದನೂರಿನವರಿಗೆ ಕೊರಿಯಾದ ಬಾಂಬ್ ಕೇಳುತ್ತೆ, ನಮ್ಮ ತಾಲ್ಲೂಕಿನ ಆಫೀಸಿನವರಿಗೆ ಪಕ್ಕದ ಕ್ವಾರಿ ಕೇಳಲ್ಲ.

ಬೆಟಗೇರಿ_ಮಗ್ಗ
😂

ಕಿಲ್ಲಾರಿ ಬಗ್ಗೆ ನಾನು ಹೇಳುತ್ತೇನೆ. 1993ರ ಸೆಪ್ಟೆಂಬರ್ 30, ನಾಲ್ಕು ಹೊಡೆಯಲು ಇನ್ನೇನು ಸ್ವಲ್ಪ ಹೊತ್ತು ಇತ್ತು. ನಾನಾಗ ಹುಡುಗ, ಮಗ್ಗದ ಕೋಣೆಯಲ್ಲೇ ಮಲಗುತ್ತಿದ್ದೆ. ಹಲಗೆಯ ಮೇಲಿಟ್ಟ ಲಾಳಿಗಳು ಒಂದಕ್ಕೊಂದು ತಾಗಿ ಟಕಟಕ ಅಂದಿದ್ದಕ್ಕೆ ಎಚ್ಚರ ಆಯಿತು. ಇಲಿ ಅಂದುಕೊಂಡೆ. ಅಜ್ಜಿ ಪಕ್ಕದ ಕೋಣೆಯಿಂದ "ಯಾಂವಲೇ ಅಂವಾ ಮಂಚ ಅಳ್ಳಾಡಸಾಕತ್ತಾಂವ" ಅಂತ ಬೈದರು. ಬೆಳಗ್ಗೆ ರೇಡಿಯೋದಲ್ಲಿ ಕೇಳಿದ ಮೇಲೆ ಎಲ್ಲ ಸುಮ್ಮನಾದರು.

ನಮ್ಮ ಕಾಕಾ ಹಳೇ ಬಟ್ಟೆ, ರೊಟ್ಟಿ ಕಟ್ಟಿಕೊಂಡು ಲಾರಿಯಲ್ಲಿ ಹೋದವರಲ್ಲಿ ಒಬ್ಬರು. ಹಿಂದಿನ ರಾತ್ರಿ ಗಣಪತಿ ಕಳಿಸಿ ದಣಿದು ಬಂದು ಮಲಗಿದ್ದ ಜನ ಅಲ್ಲಿಯವರು. ಕಾಕಾ ಮಾತಾಡುವಾಗ ಗೋಡೆಯ ವಿಷಯವನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಎರಡೂವರೆ ಅಡಿ ದಪ್ಪದ ಗೋಡೆ, ನೋಡಿದರೆ ಕೋಟೆ. ಒಳಗೆ ನೋಡಿದರೆ ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಬರೀ ಚೂರುಗಲ್ಲು ಮಣ್ಣು. ಎರಡು ಸಾಲಿಗೂ ಒಂದಕ್ಕೊಂದು ನಂಟೇ ಇಲ್ಲ. ಅಲ್ಲಾಡಿದ ಕೂಡಲೇ ಹೊಟ್ಟೆ ಉಬ್ಬಿ ಎರಡೂ ಬೇರೆ ಬೇರೆ ಬಿದ್ದಿದ್ದವು. ಮೇಲೆ ಮಾಳಿಗೆ ಮಣ್ಣು, ಪ್ರತಿ ಮಳೆಗಾಲಕ್ಕೆ ಒಂದೊಂದು ಪದರ ಹಾಕಿ ಹಾಕಿ ಏರಿಸಿದ್ದು. ಮಣ್ಣಿನಲ್ಲಿ ಉಸಿರುಗಟ್ಟಿ ಸತ್ತವರೇ ಜಾಸ್ತಿ ಅಂತ ಕಾಕಾ ಹೇಳುತ್ತಿದ್ದರು.

ಎರೆಹೊಲ
ಅಣ್ಣಾ, ನೀವು ಹೇಳಿದ್ದು ನಮ್ಮ ಮನೆಯದೇ ವರ್ಣನೆ. ಇದನ್ನು ಅವ್ವನಿಗೆ ಓದಿ ಹೇಳಲ್ಲ.

ರಾತ್ರಿಪಾಳಿ
ಕಿಲ್ಲಾರಿ 6.2 ತಾನೇ? ಕೊಯ್ನಾ 6.3. ಒಂದು ಕಡೆ 180, ಇನ್ನೊಂದು ಕಡೆ ಸುಮಾರು 10 ಸಾವಿರ ಜನ. ಅಂದ್ರೆ ರಿಕ್ಟರ್ ಮಾಪಕವೇ ಸರಿ ಇಲ್ಲ ಅಂತ ಆಯಿತಲ್ವಾ? 10ಕ್ಕೆ 6 ಮಾರ್ಕು ಅಂದ್ರೆ ಫಸ್ಟ್ ಕ್ಲಾಸು, 3 ಬಂದರೆ ಅದರ ಅರ್ಧ. ಎರಡೂ ಕಡೆ ಒಂದೇ ಮಾರ್ಕು, ರಿಸಲ್ಟ್ ಬೇರೆ ಬೇರೆ.

ನವಲೂರ_ಪೇರಲ
ಅಯ್ಯೋ ದೇವರೇ. ಅದು 10ಕ್ಕೆ ಇಷ್ಟು ಅಂತ ಕೊಡುವ ಮಾರ್ಕ್ಸ್ ಅಲ್ಲಪ್ಪಾ. ಮೇಲೆ ಮಿತಿ ಅಂತ ಗೆರೆಯೇ ಇಲ್ಲ. ಈವರೆಗೆ ಅಳೆದದ್ದರಲ್ಲಿ ದೊಡ್ಡದು 1960ರ ಚಿಲಿಯದು, 9.5. ಒಂದು ಅಂಕಿ ಮೇಲೆ ಹೋದರೆ ನೆಲದ ಅಲೆ 10 ಪಟ್ಟು ದೊಡ್ಡದು, ಹೊರಬರುವ ಶಕ್ತಿ ಸುಮಾರು 32 ಪಟ್ಟು. 3ಕ್ಕೂ 6ಕ್ಕೂ ಇರುವುದು ಎರಡು ಪಟ್ಟಲ್ಲ, ಶಕ್ತಿಯಲ್ಲಿ 30 ಸಾವಿರ ಪಟ್ಟಿಗಿಂತ ಜಾಸ್ತಿ.

ಇನ್ನೊಂದು, ರಿಕ್ಟರ್ ಅಂತ ಪೇಪರಿನವರು ಬರೆಯುತ್ತಲೇ ಇದ್ದಾರೆ, ವಿಜ್ಞಾನಿಗಳು ಬಿಟ್ಟು ಎಷ್ಟೋ ಕಾಲ ಆಯಿತು. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕ್ಯಾಲಿಫೋರ್ನಿಯಾಕ್ಕೆ, ಅಲ್ಲಿನ ಒಂದು ಜಾತಿಯ ಯಂತ್ರಕ್ಕೆ ಅಂತ ಮಾಡಿದ ಅಳತೆ ಅದು. ದೊಡ್ಡ ಭೂಕಂಪ ಬಂದರೆ ಆ ಅಳತೆ ಒಂದು ಹಂತದ ಮೇಲೆ ಏರುವುದೇ ಇಲ್ಲ. ಈಗ ಬಳಸುವುದು ಮೊಮೆಂಟ್ ಮ್ಯಾಗ್ನಿಟ್ಯೂಡ್, 1979ರಲ್ಲಿ ಬಂದದ್ದು. ಬಿರುಕಿನ ಎಷ್ಟು ಉದ್ದ ಅಗಲದ ಜಾಗ ಜಾರಿತು, ಎಷ್ಟು ದೂರ ಜಾರಿತು, ಬಂಡೆ ಎಷ್ಟು ಗಟ್ಟಿ ಅಂತ ಲೆಕ್ಕ ಹಾಕುತ್ತಾರೆ.

ಶಿಲೆ_ಮಾಸ್ತರ
ಪೇರಲ ಮೇಡಂ ಚೆನ್ನಾಗಿ ಹೇಳಿದರು. ರಾತ್ರಿಪಾಳಿ ಕೇಳಿದ ಇನ್ನೊಂದು ಅರ್ಧಕ್ಕೆ ಉತ್ತರ: ಆ ಅಂಕಿ ಭೂಕಂಪದ್ದು, ನಿಮ್ಮ ಮನೆಯದ್ದಲ್ಲ. ನಿಮ್ಮ ಮನೆ ಎಷ್ಟು ಅಲ್ಲಾಡಿತು ಅನ್ನುವುದಕ್ಕೆ ಬೇರೆ ಅಳತೆ ಇದೆ, ಮರ್ಕಾಲಿ, 1ರಿಂದ 12ರವರೆಗೆ. ಒಂದೇ ಭೂಕಂಪಕ್ಕೆ ಕಿಲ್ಲಾರಿಯಲ್ಲಿ ಒಂದು ಅಂಕಿ, ಬೆಟಗೇರಿಯಲ್ಲಿ ಒಂದು. ಕೊಯ್ನಾ ಗುಡ್ಡಗಾಡು, ಜನ ವಿರಳ. ಕಿಲ್ಲಾರಿ ಸುತ್ತ ಒತ್ತೊತ್ತಾಗಿ ಊರುಗಳು, ಮೇಲೆ ಅಷ್ಟು ಭಾರದ ಮನೆಗಳು.

ಗಾಳಿಕಂಬ
ಸಣ್ಣ ಸಣ್ಣ ಕಂಪನ ಆಗುತ್ತಿದ್ದರೆ ಒಳ್ಳೆಯದು ಅಂತಾರೆ, ಒತ್ತಡ ಇಳಿದುಹೋಗುತ್ತಂತೆ.

ನವಲೂರ_ಪೇರಲ
ಮೇಲಿನ ಲೆಕ್ಕ ಹಾಕಿ ನೋಡಿ. ಒಂದು 6ರ ಶಕ್ತಿ ಇಳಿಸಲು 3ರವು 30 ಸಾವಿರಕ್ಕೂ ಜಾಸ್ತಿ ಆಗಬೇಕು. ದಿನಕ್ಕೊಂದು ಆದರೂ 80 ವರ್ಷದ ಮೇಲೆ ಬೇಕು.

ಏಲಕ್ಕಿ_ಹಾರ
ಕಲಬುರಗಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್‌ನಲ್ಲಿ ಹೀಗೇ ಆಗಿತ್ತಲ್ಲ. ಭೂಮಿಯೊಳಗಿಂದ ಸದ್ದು, ದಿನ ಬಿಟ್ಟು ದಿನ ನಡುಕ, ಜನ ಮನೆ ಬಿಟ್ಟು ಊರ ಹೊರಗೆ ಮಲಗಿದರು. ಆಮೇಲೆ ವಿಜಯಪುರದಲ್ಲೂ ಪದೇ ಪದೇ ಆಯಿತು. 2022ರ ಮಳೆಗಾಲದಲ್ಲಿ ಕೊಡಗಿನ ಚೆಂಬು, ಸಂಪಾಜೆ ಕಡೆ. ಜೋರು ಮಳೆಯ ನೀರು ಬಿರುಕುಗಳಿಗೆ ಇಳಿದು ಹೀಗೆ ಆಗುತ್ತೆ ಅಂತ ತಜ್ಞರು ಹೇಳಿದ್ದು ಪೇಪರಿನಲ್ಲಿ ಓದಿದ್ದೆ. ಅಂದಮೇಲೆ ರೋಣದವರ ಅವ್ವ ಹೇಳಿದ್ದನ್ನು ತಳ್ಳಿಹಾಕಬೇಡಿ. ಅಲ್ಲಿನವರು ಹೇಳಿದ್ದನ್ನೂ ಮೊದಲು ಯಾರೂ ನಂಬಿರಲಿಲ್ಲ.

ಉಣಕಲ್_ದಂಡೆ
ನಮ್ಮದು ಧಾರವಾಡ ಕ್ರೇಟಾನ್ ರೀ, ಜಗತ್ತಿನ ಹಳೇ ಗಟ್ಟಿ ನೆಲಗಳಲ್ಲಿ ಒಂದು. 250 ಕೋಟಿ ವರ್ಷದ ಮೇಲಿನ ಕಲ್ಲು. ಭೂವಿಜ್ಞಾನದ ಪುಸ್ತಕ ಯಾವ ದೇಶದ್ದು ತೆಗೆದರೂ ನಮ್ಮೂರ ಹೆಸರು ಇರುತ್ತೆ. ಹೆದರುವ ಕೆಲಸ ಇಲ್ಲ. ಲಕ್ಕುಂಡಿಯ ಬ್ರಹ್ಮ ಜಿನಾಲಯ 1007ರದ್ದು, ಅತ್ತಿಮಬ್ಬೆ ಕಟ್ಟಿಸಿದ್ದು, ಇನ್ನೂ ನಿಂತಿದೆ.

ಸಿವಿಲ್_ಕಾಕಾ
ಹೆಸರಿಗೆ ಸಂತೋಷ ಪಡೋಣ, ಆದರೆ ಹಳೇ ಗಟ್ಟಿ ನೆಲ ಅನ್ನುವ ಧೈರ್ಯ ಬೇಡ. ಕಿಲ್ಲಾರಿಯೂ ಹಳೇ ಗಟ್ಟಿ ನೆಲವೇ. ಆಗಿನ ನಕ್ಷೆಯಲ್ಲಿ ಅದು 1ನೇ ವಲಯ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಆ ಘಟನೆ ಆದಮೇಲೆ, ಭೂಕಂಪ ತಡೆಯುವಂತೆ ಕಟ್ಟಡ ಕಟ್ಟುವ ನಿಯಮಗಳ 2002ರ ಕೋಡ್‌ನಲ್ಲಿ 1ನೇ ವಲಯವನ್ನೇ ತೆಗೆದುಹಾಕಿದರು. ಅದೇ ಐಎಸ್ 1893 ಕೋಡ್‌ನ 2002ರ ಮತ್ತು 2016ರ ಪಟ್ಟಿ ತೆಗೆದು ನೋಡಿ: ಬೆಂಗಳೂರು, ಬಳ್ಳಾರಿ 2ನೇ ವಲಯ. ಧಾರವಾಡ, ಬೆಳಗಾವಿ, ವಿಜಯಪುರ 3ನೇ ವಲಯ. ಬೆಂಗಳೂರಿಗಿಂತ ನಮಗೆ ಒಂದು ಮೆಟ್ಟಿಲು ಜಾಸ್ತಿ. ಇದು ನಮ್ಮ ಎಷ್ಟು ಗುತ್ತಿಗೆದಾರರಿಗೆ ಗೊತ್ತು ಕೇಳಿ ನೋಡಿ.

ಲಕ್ಕುಂಡಿ ನಿಂತಿದೆ ನಿಜ. ಅದನ್ನು ಕಟ್ಟಿದವರ ಕೈಯ ಗೌಂಡಿ ನಿಮಗೆ ಸಿಕ್ಕರೆ ನನಗೂ ನಂಬರ್ ಕೊಡಿ.

ಬೆಟಗೇರಿ_ಮಗ್ಗ
ಲಕ್ಕುಂಡಿಗೆ ಹೋದರೆ ದಾರಿಯಲ್ಲಿ ಮಿರ್ಚಿ ಗಿರ್ಮಿಟ್ ಎಲ್ಲಿ ಚೆನ್ನಾಗಿರುತ್ತೆ ಅಂತ ಕೇಳಿ, ಅದಕ್ಕೆ ನನ್ನ ಬಳಿ ಪಕ್ಕಾ ಉತ್ತರ ಇದೆ.

ಗಾಳಿಕಂಬ
ಕಪ್ಪತಗುಡ್ಡದ ಗಾಳಿ ವಿದ್ಯುತ್ ಫ್ಯಾನುಗಳು ತಿರುಗುವಾಗ ನೆಲ ಅದುರುತ್ತೆ ಅಂತ ನಮ್ಮ ಕಡೆ ಹೇಳುತ್ತಾರೆ. ಮಳೆ ಮೋಡ ಓಡಿಸುವುದೂ ಅವೇ ಅಂತ ಸುದ್ದಿ, ನಿಜವೋ ಸುಳ್ಳೋ ಗೊತ್ತಿಲ್ಲ.

ಬ್ಯಾಡಗಿ_ಖಾರ
ಫ್ಯಾನ್ ವಿಷಯ ಬೇರೆ ಕಡೆ ಶುರು ಮಾಡಿ ಅಣ್ಣಾ, ಇಲ್ಲಿ ಬೆಳಗಾಗುತ್ತೆ.

ಎರೆಹೊಲ
ಸಿವಿಲ್ ಕಾಕಾರೇ, ನನ್ನ ಬಿರುಕಿನ ಬಗ್ಗೆ ಹೇಳಿ. ಕೆಡವಲೋ, ಇಟ್ಟುಕೊಳ್ಳಲೋ?

ಸಿವಿಲ್_ಕಾಕಾ
ಮೊದಲು ಬಿರುಕಿಗೆ ವಯಸ್ಸು ಕೇಳಿ. ಟಾರ್ಚ್ ಹಾಕಿ ಒಳಗೆ ನೋಡಿ. ಒಳಗೆ ಸುಣ್ಣ ಇಳಿದಿದ್ದರೆ, ಜೇಡರ ಬಲೆ, ಹೊಗೆಯ ಮಸಿ ಇದ್ದರೆ ಅದು ಹಳೇದು. ಅಂಚು ಚೂಪಾಗಿ, ಮಣ್ಣಿನ ಬಣ್ಣ ಹೊಚ್ಚ ಹೊಸದಾಗಿ ಕಂಡರೆ ಈಗಿನದು. ರೋಣ ಅಂದಮೇಲೆ ನಿಮ್ಮದು ಎರೆ ನೆಲ ಇರಬೇಕು, ಹೆಸರೇ ಎರೆಹೊಲ ಅಂತ ಇಟ್ಟುಕೊಂಡಿದ್ದೀರಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತೆ, ಮಳೆ ಬಿದ್ದರೆ ಉಬ್ಬಿ ಪಾಯವನ್ನು ಮೇಲೆತ್ತುತ್ತೆ. ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಬಹಳ ಸಲ ಅದರದ್ದೇ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿ, ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ ಅಂತ ಅರ್ಥ. ಕ್ವಾರಿಯವರ ಮೇಲೆ ದೂರು ಕೊಡುವುದಿದ್ದರೂ ಈ ಗಾಜು, ಫೋಟೋ, ಸ್ಫೋಟದ ದಿನ ಮತ್ತು ಸಮಯ ಬರೆದಿಟ್ಟ ನೋಟ್‌ಬುಕ್ ಬೇಕಾಗುತ್ತೆ. ಬಾಯಿ ಮಾತಿಗೆ ಯಾರೂ ಬರಲ್ಲ.

ಎರಡನೇದು, ಮಾಳಿಗೆ ಮಣ್ಣು ಎಷ್ಟಿದೆ ಅಳೆಯಿರಿ. ಒಂದೂವರೆ ಅಡಿ ಇದ್ದರೆ ಅರ್ಧಕ್ಕಿಂತ ಜಾಸ್ತಿ ತೆಗೆಸಿ. ಭಾರ ಕಡಿಮೆ ಆದಷ್ಟು ಅಲುಗಾಟದ ಪೆಟ್ಟೂ ಕಡಿಮೆ. ಮೂರನೇದು, ತೊಲೆಗಳು ಗೋಡೆಯ ಮೇಲೆ ಕೂತಿವೆಯೋ, ಕಂಬದ ಮೇಲೋ ನೋಡಿ. ಅಂಕಣದ ಮನೆಯಾಗಿ ಕಂಬಗಳೇ ಭಾರ ಹೊತ್ತಿದ್ದರೆ ಸ್ವಲ್ಪ ಉಸಿರಾಡಬಹುದು, ಗೋಡೆ ಬಿದ್ದರೂ ಮಾಳಿಗೆ ನಿಲ್ಲುವ ಅವಕಾಶ ಇರುತ್ತೆ. ಮೂಲೆಗಳಿಗೆ ಮತ್ತು ಬಾಗಿಲ ಮೇಲಿನ ಮಟ್ಟಕ್ಕೆ ಮನೆ ಸುತ್ತ ಕಬ್ಬಿಣದ ಜಾಲರಿ ಪಟ್ಟಿ ಬಡಿದು ಸಿಮೆಂಟ್ ಗಿಲಾಯಿ ಮಾಡಿಸಬಹುದು, ಒಳಗೂ ಹೊರಗೂ. ಗೋಡೆಯ ಆರಪಾರ ಹೋಗುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂರಿಸಿದರೆ ಎರಡು ಪದರ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಹೊಸ ಮನೆಯ ಖರ್ಚಿನ ಮುಂದೆ ಇದು ಏನೂ ಅಲ್ಲ.

ರಾತ್ರಿಪಾಳಿ
ಇಷ್ಟೆಲ್ಲ ಯಾಕೆ, ಆರ್‌ಸಿಸಿ ಹಾಕಿದರೆ ಮುಗೀತಲ್ಲ?

ಸಿವಿಲ್_ಕಾಕಾ
ಮುಗಿಯಲ್ಲ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ಕ್ಕೆ ಏನಾಯಿತು? ಇನ್ನೂ ಕಟ್ಟುತ್ತಿದ್ದ ಕಟ್ಟಡ, ಹಾಡಹಗಲು ಕುಸಿದು 19 ಜನ ಸತ್ತರು. ಅದು ಆರ್‌ಸಿಸಿಯೇ. ಆವತ್ತು ಭೂಮಿ ಒಂದು ಕೂದಲೂ ಅಲ್ಲಾಡಿರಲಿಲ್ಲ.

2001ರ ಜನವರಿ 26ರ ಭುಜ್ ನೋಡಿ, 7.7. ಕೇಂದ್ರದಿಂದ 200 ಕಿಲೋಮೀಟರ್‌ಗಿಂತ ದೂರದ ಅಹಮದಾಬಾದ್‌ನಲ್ಲಿ ಅಪಾರ್ಟ್‌ಮೆಂಟ್‌ಗಳು ಕೂತುಬಿಟ್ಟವು. ಬಹಳಷ್ಟಕ್ಕೆ ಕೆಳಗೆ ಪಾರ್ಕಿಂಗ್, ಬರೀ ಕಂಬ, ಗೋಡೆ ಇಲ್ಲ. ಮೇಲೆ ಮನೆಗಳ ಗೋಡೆಯಿಂದ ಬಿಗಿ, ಕೆಳಗೆ ಕಾಲು ಸಡಿಲ. ಈಗ ಹುಬ್ಬಳ್ಳಿ ವಿದ್ಯಾನಗರ, ಕೇಶ್ವಾಪುರದಲ್ಲಿ ಒಂದು ಸುತ್ತು ಹಾಕಿ ಬನ್ನಿ, ಕೆಳಗೆ ಪಾರ್ಕಿಂಗ್ ಇಲ್ಲದ ಹೊಸ ಅಪಾರ್ಟ್‌ಮೆಂಟ್ ತೋರಿಸಿ. ಅದನ್ನು ಸರಿಯಾಗಿ ಡಿಸೈನ್ ಮಾಡಿದ್ದರೆ ತೊಂದರೆ ಇಲ್ಲ. ಮಾಡಿದ್ದಾರಾ ಅಂತ ಕೊಳ್ಳುವವರು ಯಾರೂ ಕೇಳಲ್ಲ, ಟೈಲ್ಸ್ ಯಾವ ಕಂಪನಿದು ಅಂತ ಕೇಳುತ್ತಾರೆ.

ಎರೆಹೊಲ ಅವರ ತಮ್ಮ ಕಟ್ಟುವುದೇ ಆದರೆ ಒಂದೇ ಒಂದು ವಸ್ತು ಕಣ್ಣಿಟ್ಟು ನೋಡಲಿ: ಕಾಲಮ್ಮಿನ ರಿಂಗು. ಬಾರ್ ಬೆಂಡಿಂಗ್ ಮಾಡುವವರು ರಿಂಗಿನ ತುದಿಯನ್ನು ಬರೀ 90 ಡಿಗ್ರಿ ಬಗ್ಗಿಸಿ ಬಿಡುತ್ತಾರೆ, ಎಲ್ ಆಕಾರ. ಜೋರಾಗಿ ಅಲ್ಲಾಡಿದಾಗ ಹೊರಗಿನ ಕಾಂಕ್ರೀಟ್ ಸಿಪ್ಪೆ ಉದುರುತ್ತೆ, ಆ ಎಲ್ ಬಿಚ್ಚಿಕೊಳ್ಳುತ್ತೆ, ಉದ್ದದ ಸರಳು ಹೊರಗೆ ಬಾಗುತ್ತೆ, ಕಂಬ ಹೋಯಿತು. ತುದಿ 135 ಡಿಗ್ರಿ ಬಗ್ಗಿ ಕಂಬದ ಹೊಟ್ಟೆಯೊಳಗೆ ಹೋಗಬೇಕು, ಎರಡೂವರೆ ಇಂಚು ಒಳಗೆ. ಕಂಬದ ಬುಡ, ತಲೆಯ ಹತ್ತಿರ ರಿಂಗುಗಳ ನಡುವೆ 4 ಇಂಚಿಗಿಂತ ಜಾಸ್ತಿ ಅಂತರ ಬೇಡ. ಇದು ಐಎಸ್ 13920ರಲ್ಲಿ ಇದೆ, ನಾನು ಹುಟ್ಟಿಸಿದ್ದಲ್ಲ.

ಏಲಕ್ಕಿ_ಹಾರ
ಎರೆ ನೆಲದಲ್ಲಿ ಅಲುಗಾಟ ಜಾಸ್ತಿ ಆಗುತ್ತಾ? ಮೆಕ್ಸಿಕೋದಲ್ಲಿ ಹಾಗಾಗಿತ್ತು ಅಂತ ಓದಿದ ನೆನಪು.

ಶಿಲೆ_ಮಾಸ್ತರ
ಹೌದು, 1985ರ ಸೆಪ್ಟೆಂಬರ್ 19. ಭೂಕಂಪ ಆಗಿದ್ದು ಪೆಸಿಫಿಕ್ ಕರಾವಳಿಯಲ್ಲಿ, ಬಿದ್ದಿದ್ದು 350 ಕಿಲೋಮೀಟರ್ ದೂರದ ಮೆಕ್ಸಿಕೋ ನಗರ. ಆ ಊರು ಹಳೇ ಕೆರೆಯ ಹೂಳಿನ ಮೇಲೆ ಕೂತಿದೆ, ಬಹಳ ಆಳದ ಮೆದು ಜೇಡಿ. ನಮ್ಮ ಎರೆ ಬಹಳ ಕಡೆ ಕೆಲವೇ ಅಡಿ, ಅದರ ಕೆಳಗೆ ಗಟ್ಟಿ ಇರುತ್ತೆ. ಅಷ್ಟು ಹೆದರಬೇಕಿಲ್ಲ. ಪಾಯವನ್ನು ಗಟ್ಟಿ ಸಿಗುವವರೆಗೆ ಇಳಿಸಿದರೆ ಎರೆಯ ಉಬ್ಬರದ ಕಾಟವೂ ತಪ್ಪುತ್ತೆ. ಕೆರೆ ಮುಚ್ಚಿ ಲೇಔಟ್ ಮಾಡಿದ ಕಡೆ ಮಾತ್ರ ಎರಡು ಸಲ ಯೋಚಿಸಿ.

ಉಣಕಲ್_ದಂಡೆ
ಹುಬ್ಬಳ್ಳಿಯಲ್ಲಿ ಅಂಥವನ್ನು ಎಣಿಸಲು ಶುರು ಮಾಡಿದರೆ ಈ ಚರ್ಚೆ ಮುಗಿಯಲ್ಲ.

ಬೆಟಗೇರಿ_ಮಗ್ಗ
ಟಿವಿಯಲ್ಲಿ ಒಬ್ಬ ಜ್ಯೋತಿಷಿ ಗ್ರಹಣದ ನಂತರ ದಕ್ಷಿಣದಲ್ಲಿ ಭೂಕಂಪ ಅಂತ ಹೇಳುತ್ತಿದ್ದ. ನಮ್ಮ ಮನೆಯವರು ಅದನ್ನೇ ಹಿಡಿದುಕೊಂಡು ಕೂತಿದ್ದಾರೆ.

ನವಲೂರ_ಪೇರಲ
1975ರಲ್ಲಿ ಚೀನಾದವರು ಹೈಚೆಂಗ್ ಊರನ್ನು ಖಾಲಿ ಮಾಡಿಸಿ ಜನರನ್ನು ಉಳಿಸಿದರು. ಮೊದಲು ಸಣ್ಣ ಕಂಪನಗಳ ಸಾಲೇ ಬಂದಿತ್ತು. ಮರುವರ್ಷ ತಾಂಗ್‌ಶಾನ್‌ನಲ್ಲಿ ಅಂಥ ಸುಳಿವು ಕಾಣಲಿಲ್ಲ, ಎರಡು ಲಕ್ಷಕ್ಕಿಂತ ಜಾಸ್ತಿ ಜನ ಸತ್ತರು. ದಿನ, ಊರು, ತೀವ್ರತೆ ಮೂರನ್ನೂ ಮೊದಲೇ ಹೇಳುವ ವಿದ್ಯೆ ಇವತ್ತಿಗೂ ಯಾರ ಬಳಿಯೂ ಇಲ್ಲ. ಜ್ಯೋತಿಷಿಗೆ "ಯಾವ ತಾಲ್ಲೂಕು" ಅಂತ ಕೇಳಿ.

ಏಲಕ್ಕಿ_ಹಾರ
ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುವುದು ಇಷ್ಟು: ಬೆಂಚಿನ ಕೆಳಗೆ ಕೂತು ತಲೆ ಮುಚ್ಚಿಕೊಂಡು ಕಾಲನ್ನು ಗಟ್ಟಿಯಾಗಿ ಹಿಡಿಯಿರಿ, ಅಲುಗಾಟ ನಿಂತ ಮೇಲೆ ಹೊರಗೆ. ಮೆಟ್ಟಿಲ ಕಡೆ ಓಡಬೇಡಿ. ಆದರೆ ಮೇಲ್ಮುದ್ದೆ ಮನೆಯ ಮಕ್ಕಳು ಕೇಳಿದರೆ ಏನು ಹೇಳುವುದು?

ಸಿವಿಲ್_ಕಾಕಾ
ಬಾಗಿಲ ಹತ್ತಿರ ಇದ್ದರೆ ಹೊರಗೆ, ಗೋಡೆಯಿಂದ ದೂರ. ಅಂಥ ಮಾಳಿಗೆಯ ಕೆಳಗೆ ಬೆಂಚು ಏನೂ ಮಾಡಲ್ಲ. ರಾತ್ರಿ ಮಲಗುವ ಜಾಗ ಬಾಗಿಲ ಸಮೀಪ ಇರಲಿ, ಅಟ್ಟದ ಮೇಲಿನ ಹಂಡೆ ಕೊಡಗಳನ್ನು ಕೆಳಗಿಳಿಸಿ. ಮನೆ ವಿಮೆ ಮಾಡಿಸಿದ್ದರೆ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕಂಪವೂ ಸೇರುತ್ತೆ, ಒಮ್ಮೆ ವಿಚಾರಿಸಿ.

ಎರೆಹೊಲ
ಟಾರ್ಚ್ ಹಾಕಿ ನೋಡಿದೆ ಕಾಕಾ. ಕೆಳಗಿನ ಅರ್ಧದಲ್ಲಿ ಸುಣ್ಣ ಇದೆ, ಮೇಲಿನ ಗೇಣುದ್ದ ಹೊಸದು. ಎರಡೂ ಕಡೆಯವರು ಗೆದ್ದ ಹಾಗಾಯಿತು. ಮಾಳಿಗೆ ಮಣ್ಣು ತೆಗೆಸುವುದಕ್ಕೆ ಅವ್ವ ಒಪ್ಪಿದ್ದಾಳೆ, ಕೆಡವುವುದಕ್ಕೆ ಒಪ್ಪಿಲ್ಲ. ತಮ್ಮ ಹಿತ್ತಲಲ್ಲಿ ಬೇರೆ ಎರಡು ಕೋಣೆ ಆರ್‌ಸಿಸಿ ಕಟ್ಟುತ್ತಾನಂತೆ. ಬಾರ್ ಬೆಂಡಿಂಗಿನವನಿಗೆ 135 ಡಿಗ್ರಿ ಅಂದರೆ "ಕೆಜಿಗೆ ಇಷ್ಟು ಜಾಸ್ತಿ ಆಗ್ತೈತ್ರಿ" ಅಂದ.

ಸಿವಿಲ್_ಕಾಕಾ
ಕೊಡಿ. ಎರಡು ಕೋಣೆಗೆ ರಿಂಗು ಎಷ್ಟಾಗುತ್ತೆ ಮಹಾ. ಕಾಂಕ್ರೀಟ್ ಹಾಕುವ ಮುಂಚೆ ಪ್ರತಿ ಕಂಬದ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.

ಎರೆಹೊಲ
ಮೇಲೆ 2 ಸಾವಿರ ಲೀಟರ್ ಸಿಂಟೆಕ್ಸ್ ಇಡುವ ಆಲೋಚನೆ ಇದೆ, ಇಟ್ಟಿಗೆ ಕಂಬ ಕಟ್ಟಿ.

ಸಿವಿಲ್_ಕಾಕಾ
ತುಂಬಿದರೆ ಎರಡು ಟನ್. ಇಟ್ಟಿಗೆ ಕಂಬದ ಮೇಲೆ ಬೇಡವೇ ಬೇಡ, ಮೊದಲು ಬೀಳುವುದೇ ಅದು. ಸಾವಿರದ್ದು ಎರಡು ತಗೊಂಡು ಕೆಳಗೆ ಬೀಮ್ ಬರುವ ಜಾಗ ನೋಡಿ ತಗ್ಗಿನಲ್ಲಿ ಇಡಿ. ಪಾಯ ತೆಗೆಯುವ ದಿನ ಹೇಳಿದರೆ ನಾನೇ ಬರುತ್ತೇನೆ, ಮುಂದಿನ ಭಾನುವಾರ ಮಾತ್ರ ಬೇಡ, ನರಗುಂದದಲ್ಲಿ ಮದುವೆ ಇದೆ.